ಬೆನ್ನಿನ ನೀರು ತೆಗೆಯುವ ಪರೀಕ್ಷೆ ನಡೆಯುವುದು ಹೇಗೆ?

ಮಿದುಳು ಮತ್ತು ಬೆನ್ನುಹುರಿಯ ಸುತ್ತ ತಿಳಿಯಾದ ದ್ರವವೊಂದು ಸದಾ ತುಂಬಿರುತ್ತದೆ. ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು 150 ಮಿ.ಲೀ. ಮಿದುಳು ಜ್ವರದ ಶಂಕೆ ಬಂದಾಗ ಸೊಂಟದ ಬಳಿ ಸೂಜಿ ಹಾಕಿ ಈ ದ್ರವವನ್ನು ಸ್ವಲ್ಪ ತೆಗೆದು ನೋಡುತ್ತಾರೆ. ಇದೇ ಲಂಬಾರ್ ಪಂಕ್ಚರ್. ಜರ್ಮನಿಯ ವೈದ್ಯ ಹೈನ್ರಿಖ್ ಕ್ವಿಂಕೆ 1891ರಲ್ಲಿ ಇದನ್ನು ವಿವರಿಸಿದರು.

ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲಿನ ಸ್ವಾಧೀನ ಹೋಗುತ್ತದೆ ಎಂಬ ಭಯದಿಂದ ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹಿಂಜರಿಯುವುದುಂಟು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ 1 ಅಥವಾ 2ನೇ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕೂ ಕೆಳಗೆ, 3–4 ಅಥವಾ 4–5ನೇ ಮೂಳೆಗಳ ನಡುವೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದ ಎಳೆಗಳು ಮಾತ್ರ. ಸೂಜಿ ತಾಗಿದರೂ ಅವು ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಆಗ ಕಾಲಿನಲ್ಲಿ ಜುಮ್ಮೆಂದರೆ ರೋಗಿ ಅಲುಗಾಡದೆ, ಯಾವ ಕಾಲು ಎಂಬುದನ್ನು ಹೇಳಿದರೆ ಸಾಕು.

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದರೆ ಅಥವಾ ಸೂಜಿ ಹಾಕುವ ಜಾಗದಲ್ಲಿ ಕೀವಾಗಿದ್ದರೆ ಪರೀಕ್ಷೆಯನ್ನು ಮುಂದೂಡುತ್ತಾರೆ. ಪ್ರಜ್ಞೆ ಕುಗ್ಗಿದ್ದರೆ, ಹೊಸದಾಗಿ ಫಿಟ್ಸ್ ಬಂದಿದ್ದರೆ ಮೊದಲು ಸಿ.ಟಿ. ಸ್ಕ್ಯಾನ್. ಸ್ಕ್ಯಾನಿಗಾಗಿ ಕಾಯುವಾಗ ಆ್ಯಂಟಿಬಯಾಟಿಕ್ ತಡವಾಗಬಾರದು. ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.

ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಮಂಡಿಯನ್ನು ಹೊಟ್ಟೆಗೆ, ಗದ್ದವನ್ನು ಎದೆಗೆ ತಂದು ಬೆನ್ನು ಬಾಗಿಸುತ್ತಾರೆ. ಹೀಗೆ ಬಾಗಿದಾಗ ಮೂಳೆಗಳ ನಡುವಿನ ಸಂದು ಅಗಲವಾಗುತ್ತದೆ. ಚರ್ಮ ಶುಚಿಗೊಳಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ನಂತರ ಸೂಜಿ ಒಳಹೋಗುತ್ತದೆ. ಆಗ ಒತ್ತಿದಂತಾಗುವುದು ಸಹಜ. ದ್ರವದ ಒತ್ತಡ ಅಳೆದು, ಹನಿಹನಿಯಾಗಿ ಬೀಳುವ ದ್ರವವನ್ನು ಮೂರು-ನಾಲ್ಕು ಟ್ಯೂಬುಗಳಲ್ಲಿ ಹಿಡಿಯುತ್ತಾರೆ. ದೇಹ ದಿನಕ್ಕೆ ಸುಮಾರು 500 ಮಿ.ಲೀ. ದ್ರವ ಉತ್ಪಾದಿಸುವುದರಿಂದ ಆ ಕೊರತೆ ಬೇಗ ತುಂಬುತ್ತದೆ.

ಆರೋಗ್ಯವಂತರ ದ್ರವ ನೀರಿನಷ್ಟು ಸ್ವಚ್ಛ. ಅದರ ಸಕ್ಕರೆ ರಕ್ತದ ಸಕ್ಕರೆಯ ಸುಮಾರು ಮೂರನೇ ಎರಡು ಭಾಗ. ಅದಕ್ಕಾಗಿಯೇ ರಕ್ತವನ್ನೂ ಜೊತೆಗೇ ಪರೀಕ್ಷೆಗೆ ಕಳಿಸುತ್ತಾರೆ. ಬ್ಯಾಕ್ಟೀರಿಯಾ ಸೋಂಕಿದ್ದರೆ ದ್ರವ ಸಾಮಾನ್ಯವಾಗಿ ಕದಡಿರುತ್ತದೆ, ಸಕ್ಕರೆ ಇಳಿದಿರುತ್ತದೆ. ಕ್ಷಯದ ಮಿದುಳು ಜ್ವರದಲ್ಲೂ ಸಕ್ಕರೆ ಇಳಿದು ಪ್ರೋಟೀನ್ ಏರುತ್ತದೆ. ಲಿಂಫೋಸೈಟ್ ಕಣಗಳು ಹೆಚ್ಚಿರುತ್ತವೆ. ವೈರಸ್ ಸೋಂಕಿನಲ್ಲಿ ಸಕ್ಕರೆ ಬಹುತೇಕ ಮಾಮೂಲಾಗಿರುತ್ತದೆ. ಮೂರಕ್ಕೂ ಔಷಧಿ ಬೇರೆ ಬೇರೆ.

ಪರೀಕ್ಷೆಯ ಬಳಿಕ ಕೆಲವರಿಗೆ ತಲೆನೋವು ಬರುತ್ತದೆ. ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ತಗ್ಗುವುದು ಅದರ ಗುರುತು. ಗಂಟೆಗಟ್ಟಲೆ ಅಂಗಾತ ಮಲಗಿಸಿದರೆ ಅದು ಬರುವುದಿಲ್ಲ ಎಂಬ ಹಳೆಯ ನಂಬಿಕೆಗೆ ಆಧಾರ ಸಿಕ್ಕಿಲ್ಲ. ಮೊಂಡು ತುದಿಯ ಸೂಜಿ ಬಳಸಿದರೆ ಅದು ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ. ಕಾಲಿನಲ್ಲಿ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಸೂಜಿ ಹಾಕಿದ ಜಾಗದಿಂದ ದ್ರವ ಸೋರಿದರೆ, ಮತ್ತೆ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.