ಮಕ್ಕಳಲ್ಲಿ ತೀವ್ರ ಮನೋರೋಗ: ಮಾಡಬೇಕಾದ್ದು, ಮಾಡಬಾರದ್ದು

ಬೆಟಗೇರಿ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪಾಲಕರಿಗೆ ಮತ್ತು ಶಿಕ್ಷಕರಿಗೆ

ತೀವ್ರ ಮನೋರೋಗ ಮಕ್ಕಳಿಗೂ ಬರುತ್ತದೆ. ತಡ ಮಾಡಿದರೆ ಮಗುವಿನ ಜೀವವೇ ಹೋಗಬಹುದು.

ಮಾಡಬೇಕಾದ್ದು

ಈ ಲಕ್ಷಣಗಳನ್ನು ಗಮನಿಸಿ: ಯಾರೂ ಇಲ್ಲದಾಗ ದನಿ ಕೇಳುವುದು. ಊಟದಲ್ಲಿ ಏನೋ ಹಾಕಿದ್ದಾರೆಂಬ ಸಂಶಯ. ರಾತ್ರಿಗಟ್ಟಲೆ ನಿದ್ದೆಯಿಲ್ಲದಿದ್ದರೂ ದಣಿಯದಿರುವುದು. ಸ್ನಾನ, ಊಟ, ಗೆಳೆಯರು ಎಲ್ಲ ಬಿಡುವುದು. ಕೈ ಕೊಯ್ದುಕೊಳ್ಳುವುದು.

ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಿ.

ಮಂಕು, ಸಿಡುಕು, ಓದಿನಲ್ಲಿ ಹಿಂದೆ ಬೀಳುವುದು ಎರಡು ವಾರ ದಾಟಿದರೂ ತೋರಿಸಿ.

ಜ್ವರದ ಜೊತೆ ಅಸಂಬದ್ಧ ಮಾತು ಬಂದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ; ಅದು ಮೆದುಳಿನ ಸೋಂಕಾಗಿರಬಹುದು.

"ಸಾಯಬೇಕು ಅನಸ್ತೈತೇನು?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಹೌದು ಎಂದರೆ ಮಗುವಿನ ಜೊತೆಯಲ್ಲೇ ಇರಿ.

ಹೊಲಕ್ಕೆ ಹೊಡೆಯುವ ಎಣ್ಣೆ, ಇಲಿ ಪಾಷಾಣ, ಗುಳಿಗೆಗಳನ್ನು ಕೀಲಿ ಹಾಕಿಡಿ.

ಹೊಲದ ಎಣ್ಣೆ ಕುಡಿದಿದ್ದರೆ 108ಕ್ಕೆ ಫೋನ್ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

14416ಕ್ಕೆ (ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಕರೆ ಮಾಡಿ. ಹಗಲು-ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಗದಗದ ಜಿಮ್ಸ್ ಆಸ್ಪತ್ರೆಗೆ ಅಥವಾ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ.

ತಾಲೂಕು ಆಸ್ಪತ್ರೆಯಲ್ಲಿ ಮನೋರೋಗ ತಪಾಸಣೆಯ ಮನೋಚೈತನ್ಯ ಕ್ಲಿನಿಕ್ ಯಾವ ದಿನವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಾಡಬಾರದ್ದು

ಹೊಡೆಯುವುದು ಬೇಡ.

ಕಟ್ಟಿಹಾಕಬಾರದು. ಮನೋರೋಗಿಗೆ ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ.

ಗಾಳಿ ಸೋಕಿದೆ ಎಂದು ಹೊಗೆ ಹಾಕುವುದು, ಬರೆ ಎಳೆಯುವುದು ಬೇಡ. ತಾಯತ ಕಟ್ಟಿದ್ದರೆ ಕಟ್ಟಿರಲಿ, ಅದರಿಂದ ಅಪಾಯವಿಲ್ಲ. ತಾಯತ ಕಟ್ಟಿದೆವಲ್ಲ ಎಂದು ಆಸ್ಪತ್ರೆ ಬಿಡುವುದು ಬೇಡ.

"ನಾಟಕ ಮಾಡ್ತಾನ" ಎನ್ನಬಾರದು.

ದನಿ ಕೇಳುತ್ತದೆ ಎಂದ ಮಗುವಿನ ಜೊತೆ ವಾದ ಬೇಡ, ನಗುವುದೂ ಬೇಡ.

"ಧಾರವಾಡಕ್ಕ ಕಳಸಬೇಕು" ಎಂದು ಚೇಷ್ಟೆ ಮಾಡಬಾರದು. ಈ ಚೇಷ್ಟೆಗೆ ಅಂಜಿಯೇ ಎಷ್ಟೋ ಮನೆಯವರು ಮಗುವನ್ನು ಒಳಗೆ ಮುಚ್ಚಿಡುತ್ತಾರೆ.

ಲಗ್ನ ಮಾಡಿದರೆ ಸರಿಹೋಗುತ್ತಾಳೆ ಎನ್ನುವುದು ಬೇಡವೇ ಬೇಡ. ಲಗ್ನ ಔಷಧಿಯಲ್ಲ, 18 ತುಂಬದ ಹುಡುಗಿಗೆ ಲಗ್ನ ಮಾಡುವುದು ಅಪರಾಧ.

ಶಾಲೆಯಿಂದ ಹೆಸರು ತೆಗೆಯಬಾರದು.

ತಾಯಿಯ ಮೇಲೆ ತಪ್ಪು ಹೊರಿಸುವುದು ಬೇಡ.

ಬೇರೆಯವರ ಗುಳಿಗೆ ಕೊಡಬಾರದು.

ಆರಾಮಾಯಿತೆಂದು ನೀವೇ ಗುಳಿಗೆ ನಿಲ್ಲಿಸಬಾರದು.

ಹೊಲದ ಎಣ್ಣೆ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ.

ಮಗ್ಗದ ಕೆಲಸ ಮುಗಿಯಲಿ, ಸುಗ್ಗಿ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. 14416ನ್ನು ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.