ಇರುಳಿನಲ್ಲಿ ಗಾಳಿಯಂತ್ರದ ಸದ್ದು

ಚಿತ್ರದುರ್ಗದ ಗುಡ್ಡಗಳ ಮೇಲಿರುವ ಗಾಳಿಯಂತ್ರಗಳು ದೂರದಿಂದ ನೋಡುವವರಿಗೆ ಬಲು ನಿಧಾನವಾಗಿ ತಿರುಗುವಂತೆ ತೋರುತ್ತವೆ. ಇಷ್ಟು ಮೆಲ್ಲನೆ ಸುತ್ತುವ ಯಂತ್ರವು ಸಮೀಪದ ಮನೆಯವರ ನಿದ್ರೆಯನ್ನು ಕೆಡಿಸಬಲ್ಲುದೆ? ಲೆಕ್ಕ ಮಾಡಿ ನೋಡೋಣ.

ರೆಕ್ಕೆಯ ಉದ್ದ 40 ಮೀಟರು ಎಂದೂ, ಅದು ನಿಮಿಷಕ್ಕೆ 15 ಸುತ್ತು ತಿರುಗುವುದೆಂದೂ ಇಟ್ಟುಕೊಳ್ಳೋಣ. ಒಂದು ಸುತ್ತಿಗೆ 4 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ರೆಕ್ಕೆಯ ತುದಿ ಸುಮಾರು 251 ಮೀಟರು ಸಾಗುತ್ತದೆ. ಅಂದರೆ ತುದಿಯ ವೇಗ ಗಂಟೆಗೆ ಸುಮಾರು 226 ಕಿಲೋಮೀಟರು! ಈ ವೇಗದಲ್ಲಿ ರೆಕ್ಕೆಯು ಗಾಳಿಯನ್ನು ಸೀಳುವುದರಿಂದಲೇ ‘ಸುಯ್, ಸುಯ್’ ಎಂಬ ಸದ್ದು ಹುಟ್ಟುತ್ತದೆ. ರೆಕ್ಕೆಗಳು ಮೂರಾದುದರಿಂದ ಅದು ನಿಮಿಷಕ್ಕೆ 45 ಸಲ ಮರುಕಳಿಸುತ್ತದೆ.

ಹಗಲಿನಲ್ಲಿ ಬಿಸಿಲಿಗೆ ಕಾದ ನೆಲವು ಮೇಲಣ ಕೆಳಗಣ ಗಾಳಿಯನ್ನು ಕಲಕುತ್ತದೆ. ಆಗ ಮರಗಿಡಗಳ ಮರ್ಮರದಲ್ಲಿ ಯಂತ್ರದ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಮೋಡವಿಲ್ಲದ ಇರುಳಿನಲ್ಲಾದರೋ ನೆಲ ತಣಿದು, ಅದಕ್ಕೆ ತಾಗಿದ ಗಾಳಿಯೂ ತಂಪಾಗಿ ನಿಶ್ಚಲವಾಗುತ್ತದೆ. ಆದರೆ 80 ಮೀಟರು ಎತ್ತರದಲ್ಲಿ ಗಾಳಿಯು ಬಿರುಸಾಗಿ ಬೀಸುತ್ತಲೇ ಇರಬಹುದು. ಮೇಲೆ ರೆಕ್ಕೆ ತಿರುಗುತ್ತದೆ, ಕೆಳಗೆ ಎಲೆಯೂ ಅಲುಗದು. ಯಂತ್ರದ ಸದ್ದನ್ನು ಮುಚ್ಚಲು ಬೇರೆ ಸದ್ದೇ ಇಲ್ಲ.

ಆದಕಾರಣ ಹಗಲಿನಲ್ಲಿ ಮಾತ್ರ ಸದ್ದನ್ನಳೆದು ‘ತೊಂದರೆಯಿಲ್ಲ’ ಎಂದು ತೀರ್ಮಾನಿಸುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ನಿದ್ದೆಗೆಟ್ಟವರ ದೂರನ್ನು ನಾವು ಇರುಳಿನಲ್ಲಿಯೇ ಪರೀಕ್ಷಿಸಬೇಕು.