ಚದುರಂಗದ ರಾಜ ಹೆಂಗ ನಡೀತಾನ?



ಹೋದ ವರ್ಷ ತಾಲೂಕು ಮಟ್ಟದ ಚೆಸ್ ಪಂದ್ಯದಲ್ಲಿ ಗೆಲ್ಲುವ ಆಟವನ್ನು ನಾನು ಕೈಯಾರೆ ಕಳೆದುಕೊಂಡೆ. ನನ್ನ ಹತ್ತಿರ ರಾಜನ ಜೊತೆ ಮಂತ್ರಿಯೂ ಇದ್ದ. ಎದುರಿನ ಹುಡುಗನ ಹತ್ತಿರ ಬರೀ ರಾಜ. ಆದರೂ ಸಿಕ್ಕಿದ್ದು ಅರ್ಧ ಅಂಕ. ರಾಜನ ನಡೆ ನನಗೆ ಪೂರ್ತಿ ಗೊತ್ತಿರಲಿಲ್ಲ. ಆ ತಪ್ಪು ನಿಮಗೆ ಆಗಬಾರದು ಅಂತ ಈ ಪಾಠ ಬರೆದಿದ್ದೇನೆ.

1. ಒಂದು ಸಲಕ್ಕೆ ಒಂದೇ ಮನೆ
ಆನೆ ಎಕ್ಸ್‌ಪ್ರೆಸ್ ಬಸ್ಸು ಇದ್ದಂಗ. ದಾರಿ ಖಾಲಿ ಇದ್ದರೆ ಸಿಂಧನೂರು ಬಿಟ್ಟು ಸೀದಾ ಲಿಂಗಸುಗೂರಿಗೆ ಹೋಗಿ ನಿಲ್ಲುತ್ತದೆ. ರಾಜ ಹಂಗಲ್ಲ. ಮಸ್ಕಿಯಲ್ಲೂ ನಿಲ್ಲಬೇಕು, ನಡುವಿನ ಎಲ್ಲ ಹಳ್ಳಿಯಲ್ಲೂ ನಿಲ್ಲಬೇಕು. ಹಿಂದೆ, ಮುಂದೆ, ಪಕ್ಕಕ್ಕೆ, ಓರೆಯಾಗಿ ಯಾವ ಕಡೆಗಾದರೂ ಒಂದೇ ಮನೆ ನಡೆಯುತ್ತಾನೆ. ಪಟದ ನಡುವೆ ಇದ್ದರೆ ಅವನಿಗೆ 8 ಮನೆ, ಅಂಚಿನಲ್ಲಿ 5, ಮೂಲೆಯಲ್ಲಿ ಬರೀ 3.

2. ಅಪಾಯದ ಮನೆಗೆ ಹೋಗುವಂತಿಲ್ಲ
ಎದುರಾಳಿಯ ಕಾಯಿ ಹೊಡೆಯಬಲ್ಲ ಮನೆಗೆ ರಾಜ ಕಾಲಿಡಬಾರದು. ಕಾವಲಿಲ್ಲದ ಕಾಯಿ ಪಕ್ಕದಲ್ಲಿದ್ದರೆ ಹೊಡೆಯಬಹುದು, ಕಾವಲಿದ್ದರೆ ಹೊಡೆಯುವಂತಿಲ್ಲ. ಎರಡು ರಾಜರು ಅಕ್ಕಪಕ್ಕ ನಿಲ್ಲುವಂತೆಯೂ ಇಲ್ಲ. ನಡುವೆ ಒಂದು ಮನೆಯಾದರೂ ಇರಲೇಬೇಕು.

3. ಚೆಕ್ ಬಂದರೆ ಮೂರೇ ದಾರಿ
ಅ) ರಾಜ ಸರಿಯಬೇಕು.
ಆ) ಚೆಕ್ ಕೊಟ್ಟ ಕಾಯಿಯನ್ನು ಹೊಡೆಯಬೇಕು.
ಇ) ನಡುವೆ ನಮ್ಮ ಕಾಯಿ ಅಡ್ಡ ಇಡಬೇಕು.
ಕುದುರೆ ಕೊಟ್ಟ ಚೆಕ್‌ಗೆ ಅಡ್ಡ ಇಡಲು ಆಗುವುದಿಲ್ಲ, ಅದು ನೆಗೆದು ಬರುತ್ತದೆ. ಮೂರೂ ದಾರಿ ಮುಚ್ಚಿದರೆ ಮಾತ್, ಆಟ ಮುಗಿಯಿತು.

4. ಕೋಟೆ ಸೇರುವುದು
ಇದಕ್ಕೆ ಕ್ಯಾಸ್ಲಿಂಗ್ ಅನ್ನುತ್ತಾರೆ. ಮುದಗಲ್ ಕೋಟೆ ನೋಡಿದ್ದೀರಲ್ಲ? ರಾಜ ಹಂಗೆ ಒಂದು ಗೋಡೆಯ ಹಿಂದೆ ಸೇರಿಕೊಳ್ಳುತ್ತಾನೆ. ಆಟದಲ್ಲಿ ಒಂದೇ ಸಲ, ರಾಜ ಆನೆಯ ಕಡೆಗೆ 2 ಮನೆ ನಡೆಯುತ್ತಾನೆ. ಆನೆ ಅವನನ್ನು ದಾಟಿ ಆಚೆ ಪಕ್ಕದಲ್ಲಿ ನಿಲ್ಲುತ್ತದೆ. ಆದರೆ ರಾಜನೂ ಆ ಆನೆಯೂ ಮೊದಲು ಕದಲಿರಬಾರದು. ಇಬ್ಬರ ನಡುವೆ ಯಾವ ಕಾಯಿಯೂ ಇರಬಾರದು. ರಾಜ ನಿಂತ ಮನೆ, ದಾಟುವ ಮನೆ, ಸೇರುವ ಮನೆ ಮೂರರ ಮೇಲೂ ಎದುರಾಳಿಯ ಕಣ್ಣು ಇರಬಾರದು. ನೆನಪಿಡಿ: ಮೊದಲು ರಾಜನನ್ನೇ ಮುಟ್ಟಬೇಕು. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಅದರ ಕಡೆ ಕೋಟೆ ಸೇರುವಂತಿಲ್ಲ.

5. ಕಟ್ಟೆಯ ಆಟ ಬೇರೆ
ನಮ್ಮ ಮುತ್ಯಾ ಕಟ್ಟೆ ಮ್ಯಾಲೆ ಆಡುವಾಗ, “ತಮ್ಮಾ, ಚೆಕ್ ಬೀಳದಿದ್ರ ರಾಜಾ ಒಂದ್ ಸಲ ಕುದುರಿಯಂಗ ಜಿಗಿಬೌದು” ಅನ್ನುತ್ತಾನೆ. ಅದು ಸುಳ್ಳಲ್ಲ, ನಮ್ಮ ದೇಶದ ಹಳೆಯ ಪದ್ಧತಿ. ಆದರೆ ಪಂದ್ಯದಲ್ಲಿ ನಡೆಯುವುದು ಅಂತಾರಾಷ್ಟ್ರೀಯ ನಿಯಮ. ಅಲ್ಲಿ ಹಂಗ ಜಿಗಿಸಬ್ಯಾಡ್ರಿ.

6. ನಾನು ಮಾಡಿದ ತಪ್ಪು
ಅವನ ರಾಜ ಮೂಲೆ ಸೇರಿದ್ದ. ನಾನು ಖುಷಿಯಲ್ಲಿ ಮಂತ್ರಿಯನ್ನು ಅವನಿಂದ ಸರಿಯಾಗಿ ಕುದುರೆ ನೆಗೆತದಷ್ಟು ದೂರ ಇಟ್ಟೆ. ಅವನ 3 ಮನೆಯೂ ಮುಚ್ಚಿದವು, ಆದರೆ ಅವನಿಗೆ ಚೆಕ್ ಇರಲಿಲ್ಲ! ಚೆಕ್ ಇಲ್ಲದೆ ನಡೆಯೂ ಇಲ್ಲದಿದ್ದರೆ ಆಟ ಡ್ರಾ. ಮಂತ್ರಿ ಒಬ್ಬನೇ ಮಾತ್ ಮಾಡಲಾರ; ನಮ್ಮ ರಾಜನೂ ನಡೆದುಕೊಂಡು ಹತ್ತಿರ ಬರಬೇಕು. ನನ್ನ ರಾಜ ದೂರದಲ್ಲಿ ಸುಮ್ಮನೆ ಕೂತಿದ್ದ.

ನಿಮಗಿದು ಗೊತ್ತೇ?
ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ ನಡೆಯ ಮೇಲೆ ಅನೇಕ ಒಗಟು ಕಟ್ಟಿದ್ದರು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಕೂಡ ಮೈಸೂರಿನವರೇ: ತೇಜ್‌ಕುಮಾರ್, 2017ರಲ್ಲಿ. ಮುಂದಿನವರು ನಮ್ಮ ಕಡೆಯವರು ಯಾಕಾಗಬಾರದು?

ನಿಮಗೊಂದು ಲೆಕ್ಕ
ಖಾಲಿ ಪಟದಲ್ಲಿ ರಾಜ ಮೂಲೆಯಿಂದ ಓರೆ ಎದುರಿನ ಮೂಲೆಗೆ ಹೋಗಲು ಕಡಿಮೆ ಅಂದ್ರ ಎಷ್ಟು ನಡೆ? ಅಂಚು ಹಿಡಿದು ಪಕ್ಕದ ಮೂಲೆಗೆ ಹೋಗಲು ಎಷ್ಟು? ಮೊದಲು ಪಟ ಹಾಸಿ ಎಣಿಸಿ, ಆಮೇಲೆ ಓದಿ.
ಉತ್ತರ: ಎರಡಕ್ಕೂ 7.